ಪಾರ್ಕು ನೋಡುವ ಮೊದಲು ಕೆರೆ ನೋಡಿ

ರಜೆ ಹತ್ತಿರ ಬಂತೆಂದರೆ ಪೋಷಕರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ‘ಮೇಷ್ಟ್ರೇ, ಭಾನುವಾರ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬೇಕು. ದೂರದ ಊರಿಗೆ ಹೋಗಲು ಪುರಸೊತ್ತಿಲ್ಲ, ಖರ್ಚೂ ಜಾಸ್ತಿ. ಇಲ್ಲೇ ಇರುವ ಕೆರೆ ಪಾರ್ಕುಗಳಲ್ಲಿ ಯಾವುದು ಒಳ್ಳೆಯದು?’

ಒಳ್ಳೆಯ ಪ್ರಶ್ನೆಯೇ. ಆದರೆ ನಾವು ಇದಕ್ಕೆ ಉತ್ತರ ಹುಡುಕುವ ಕ್ರಮ ಹೇಗಿದೆ ನೋಡಿ. ಗೇಟು ಚೆನ್ನಾಗಿದೆಯೇ, ಕಾರಂಜಿ ಇದೆಯೇ, ಉಯ್ಯಾಲೆ ಜಾರುಬಂಡೆ ಇವೆಯೇ, ಪಕ್ಕದಲ್ಲಿ ಚುರುಮುರಿ ಸಿಗುತ್ತದೆಯೇ ಎಂದೆಲ್ಲ ವಿಚಾರಿಸುತ್ತೇವೆ. ಯಾವುದರಿಂದಾಗಿ ಆ ಜಾಗಕ್ಕೆ ಕೆರೆ ಪಾರ್ಕು ಎಂಬ ಹೆಸರು ಬಂತೋ ಆ ಕೆರೆಯ ನೀರನ್ನು ಮಾತ್ರ ಕೊನೆಗೆ ನೋಡುತ್ತೇವೆ, ಅಥವಾ ನೋಡುವುದೇ ಇಲ್ಲ. ಮದುವೆಗೆ ಹೋಗಿ ಚಪ್ಪರ ನೋಡಿ, ವಧೂವರರನ್ನು ನೋಡದೆ ಬಂದ ಹಾಗಾಯಿತು! ಮಗು ಅಲ್ಲಿ ಉಸಿರಾಡುವ ಗಾಳಿ, ಕಾಣುವ ಹಕ್ಕಿ, ಅದಕ್ಕೆ ಎದುರಾಗಬಹುದಾದ ಅಪಾಯ ಎಲ್ಲವೂ ನೀರಿಗೆ ಸಂಬಂಧಪಟ್ಟವು. ಆದ್ದರಿಂದ ಮೊದಲು ನೀರು, ಆಮೇಲೆ ಪಾರ್ಕು. ಹಾಗೆ ಆರಿಸುವುದು ಹೇಗೆ ಎಂಬುದನ್ನು ಈ ವಾರ ನೋಡೋಣ. ಹೈಸ್ಕೂಲಿನಲ್ಲಿ ಕಲಿಯುವ ವಿಜ್ಞಾನವೇ ಇದಕ್ಕೆ ಸಾಕು.

ನೀರು ಎಲ್ಲಿಂದ ಬಂತು?

ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಬಹುಪಾಲು ತಾವಾಗಿಯೇ ಹುಟ್ಟಿದ ಸರೋವರಗಳಲ್ಲ. ಮಳೆ ನೀರು ಹರಿಯುವ ತಗ್ಗಿಗೆ ಅಡ್ಡಲಾಗಿ ಏರಿ ಕಟ್ಟಿ ಹಿರಿಯರು ನೀರು ನಿಲ್ಲಿಸಿದರು. ಬೆಂಗಳೂರಿನ ಸ್ಯಾಂಕಿ ಕೆರೆಯನ್ನು 1882ರಲ್ಲಿ ಕಟ್ಟಿದ್ದು. ಮೈಸೂರಿನ ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದದ್ದು. ಯಾವ ಕೆರೆಯಾದರೂ ಅದರ ಅಂಗಾಂಗಗಳು ಇವೇ: ನೀರು ಒಳಗೆ ಬರುವ ಕಾಲುವೆ, ನೀರನ್ನು ತಡೆಯುವ ಏರಿ, ಗದ್ದೆಗೆ ನೀರು ಬಿಡುವ ತೂಬು, ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿ. ಒಂದು ಕೆರೆಯ ಕೋಡಿ ನೀರು ಕೆಳಗಿನ ಇನ್ನೊಂದು ಕೆರೆಗೆ ಹೋಗುತ್ತಿತ್ತು. ದೊಡ್ಡ ನದಿಯಿಲ್ಲದ ಬೆಂಗಳೂರು ಬಹುಕಾಲ ಬದುಕಿದ್ದು ಈ ಕೆರೆಗಳ ಸರಪಳಿಯಿಂದ.

ಈಗ ಊರು ಬೆಳೆದಿದೆ. ಮಳೆ ನೀರು ಬರುತ್ತಿದ್ದ ರಾಜಕಾಲುವೆಗಳಲ್ಲಿ ಅನೇಕ ಕಡೆ ಬರುತ್ತಿರುವುದು ಬಚ್ಚಲು ನೀರು, ಕಕ್ಕಸಿನ ನೀರು. ಆದ್ದರಿಂದ ಪಾರ್ಕಿಗೆ ಹೋದವರು ಮೊದಲು ಅಲಂಕಾರದ ಗೇಟಿನ ಕಡೆಗಲ್ಲ, ನೀರು ಒಳಗೆ ಬರುವ ಕಡೆಗೆ ನಡೆಯಬೇಕು. ಮಳೆ ಬಂದು ನಾಲ್ಕೈದು ದಿನವಾದ ಮೇಲೂ, ಬೇಸಿಗೆಯಲ್ಲೂ, ಆ ಕಾಲುವೆಯಲ್ಲಿ ಬೂದುಬಣ್ಣದ ನೀರು ಸದಾ ಹರಿಯುತ್ತಿದೆಯೇ? ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯೇ? ಹಾಗಿದ್ದರೆ ಅದು ಚರಂಡಿ ನೀರು. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ನೀರಿನಲ್ಲಿ ಆಮ್ಲಜನಕ ಮುಗಿದುಹೋದ ಮೇಲೆ, ಅದಿಲ್ಲದೆಯೂ ಬದುಕಬಲ್ಲ ಬ್ಯಾಕ್ಟೀರಿಯಾಗಳು ಕೆಲಸ ಶುರು ಮಾಡಿದಾಗ ಹುಟ್ಟುವ ಅನಿಲ. ಮೂಗೇ ಇಲ್ಲಿ ನಿಮ್ಮ ಮೊದಲನೆಯ ಪ್ರಯೋಗಶಾಲೆ.

ನೊರೆ ಕಂಡರಂತೂ ಮಕ್ಕಳನ್ನು ಹತ್ತಿರ ಬಿಡಬೇಡಿ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಕಥೆ ನೀವು ಕೇಳಿದ್ದೀರಿ. ಸೋಪು, ಡಿಟರ್ಜೆಂಟುಗಳ ಅಂಶ ತುಂಬಿದ ಕೊಳಚೆ ನೀರು ಕೋಡಿಯಲ್ಲಿ ಧುಮುಕಿ, ಆಳೆತ್ತರದ ನೊರೆಯಾಗಿ ರಸ್ತೆಗೆ ಹಾರಿತು. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಯಂಗಳದಲ್ಲೇ ಬೆಂಕಿ ಎದ್ದಿತು. ನೀರಿಗೆ ಬೆಂಕಿ ಬೀಳುವುದು ಎಂಬ ಮಾತು ಪವಾಡದ ಕಥೆಯಲ್ಲಿ ಮಾತ್ರ ಎಂದುಕೊಂಡಿದ್ದವರು ಅದನ್ನು ಟಿ.ವಿ.ಯಲ್ಲಿ ನೋಡಬೇಕಾಯಿತು.

ಹಾಗೆಂದು ಊರೊಳಗಿನ ಕೆರೆಗಳೆಲ್ಲ ಕೆಟ್ಟವೆಂದು ತೀರ್ಮಾನಿಸಬೇಕಿಲ್ಲ. ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರು ಕೆರೆಯನ್ನು ನೋಡಿ. ಸುಮಾರು 160 ಎಕರೆಯ ಈ ಕೆರೆಯ ಮೇಲ್ಭಾಗದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಘಟಕದಿಂದ ಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಮತ್ತು ಇತರ ಜಲಸಸ್ಯಗಳು ಬೆಳೆದ ತೇವದ ಪ್ರದೇಶವೊಂದನ್ನು ನಿಧಾನವಾಗಿ ಹಾದುಬರುತ್ತದೆ. ಉಳಿದ ಸಾರಜನಕ, ರಂಜಕದ ಸಂಯುಕ್ತಗಳಲ್ಲಿ ಒಂದು ಪಾಲನ್ನು ಸಸ್ಯಗಳು ಹೀರಿಕೊಳ್ಳುತ್ತವೆ, ಕಸರು ತಳಕ್ಕೆ ಕೂರುತ್ತದೆ, ಆಮೇಲೆ ನೀರು ಕೆರೆ ಸೇರುತ್ತದೆ. ಕೆರೆಗೆ ಬರುವ ನೀರನ್ನು ಯಾರಾದರೂ ಗಮನಿಸುತ್ತಿದ್ದಾರೆಯೇ? ಕೆರೆ ಆರಿಸುವಾಗ ಕೇಳಬೇಕಾದ ಮೊದಲನೆಯ ಪ್ರಶ್ನೆ ಇದೇ.

ನೀರಿನಲ್ಲಿ ಯಾರಿದ್ದಾರೆ?

ಎರಡನೆಯದು ನೀರಿನೊಳಗಿನ ಜೀವ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ? 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ 9 ಮಿಲಿಗ್ರಾಂ ಕರಗಬಹುದು. 30 ಡಿಗ್ರಿಯಾದರೆ ಅದು ಏಳೂವರೆಗೆ ಇಳಿಯುತ್ತದೆ. ಮೀನುಗಳು ಬದುಕುವುದು ಇಷ್ಟೇ ಇಷ್ಟರಲ್ಲಿ. ಕೊಳಚೆ ಬಂದು ಬಿದ್ದರೆ ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಈ ಸಣ್ಣ ಗಂಟನ್ನೂ ಖರ್ಚು ಮಾಡಿಬಿಡುತ್ತವೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಹಲವರು ನೆನಪಿಟ್ಟುಕೊಂಡಿರಬಹುದು. ಬೇಸಿಗೆ, ಬೆಚ್ಚಗಿನ ನೀರು, ಜೊತೆಗೆ ಕೊಳಚೆ ಸೇರಿದರೆ ಕೆರೆಯ ಉಸಿರು ಕಟ್ಟುತ್ತದೆ.

ಇದನ್ನು ಕಂಡುಹಿಡಿಯಲು ಬೆಳಗಿನ ಜಾವದಷ್ಟು ಒಳ್ಳೆಯ ಹೊತ್ತು ಬೇರೊಂದಿಲ್ಲ. ಹಗಲಿನಲ್ಲಿ ಪಾಚಿ ಮತ್ತು ಜಲಸಸ್ಯಗಳು ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ನಮ್ಮಂತೆ ಉಸಿರಾಡುತ್ತವೆ ಅಷ್ಟೇ, ಗಳಿಕೆ ಏನೂ ಇಲ್ಲ. ಹೀಗಾಗಿ ಸೂರ್ಯೋದಯದ ಹೊತ್ತಿಗೆ ನೀರಿನ ಆಮ್ಲಜನಕ ಅತ್ಯಂತ ಕಡಿಮೆ. ಆಗ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಒದ್ದಾಡುತ್ತಿದ್ದರೆ, ‘ಎಷ್ಟು ಚೆನ್ನಾಗಿ ಆಡುತ್ತಿವೆ’ ಎಂದು ಮಕ್ಕಳಿಗೆ ತೋರಿಸಬೇಡಿ. ಅವಕ್ಕೆ ಉಸಿರು ಸಾಲುತ್ತಿಲ್ಲ ಎಂದು ಹೇಳಿ. ಹಾಗೆಯೇ ಕಡಲೆಪುರಿ, ಬ್ರೆಡ್ಡು ಎಸೆಯುವ ಅಭ್ಯಾಸವನ್ನೂ ಬಿಡಿಸಿ. ಮೀನು ತಿನ್ನದೆ ಉಳಿದ ಪುರಿ ಕೊಳೆಯುವಾಗ ಬಳಸುವುದು ಆ ಮೀನಿನ ಪಾಲಿನ ಆಮ್ಲಜನಕವನ್ನೇ.

ಬಣ್ಣವನ್ನೂ ನೋಡಿ. ಯಾರೋ ಹಸಿರು ಪೇಯಿಂಟ್ ಡಬ್ಬ ಕವುಚಿದ ಹಾಗೆ ನೀರಿನ ಮೇಲೆ ದಪ್ಪ ಕೆನೆ ಕಟ್ಟಿದ್ದರೆ, ಅದು ನೀಲಿ-ಹಸಿರು ಪಾಚಿ ಇರಬಹುದು. ಅದರಲ್ಲಿ ಕೆಲವು ಜಾತಿಗಳು ವಿಷ ಬಿಡುತ್ತವೆ. ಮಕ್ಕಳು ಮುಟ್ಟಬಾರದು, ಜೊತೆಗೆ ಬಂದ ನಾಯಿಯೂ ಕುಡಿಯಬಾರದು. ನೇರಳೆ ಹೂವಿನ ತೇಲುಗಿಡ, ಅಂದರೆ ಜನ ಅಂತರಗಂಗೆ ಎನ್ನುವುದು, ಕೆರೆಯನ್ನೆಲ್ಲ ಮುಚ್ಚಿದ್ದರೆ ನೋಡಲು ಹಸಿರು ಹಾಸಿದಂತಿರುತ್ತದೆ. ನಿಜವಾಗಿ ಅದು ನೀರಿನಲ್ಲಿ ಗೊಬ್ಬರದ ಅಂಶ ಅತಿಯಾಗಿದೆ ಎಂಬುದಕ್ಕೆ ಸಾಕ್ಷಿ.

ಇನ್ನು ಹಕ್ಕಿಗಳು. ಹಕ್ಕಿ ಹೆಚ್ಚಿದ್ದರೆ ನೀರು ಶುದ್ಧ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಬೆಳ್ಳಕ್ಕಿ, ಮೆಟ್ಟುಗಾಲು ಹಕ್ಕಿಗಳು ಕೊಳಚೆಯ ಅಂಚಿನಲ್ಲೂ ಹಿಂಡುಗಟ್ಟಿ ಮೇಯುತ್ತವೆ. ಆದರೆ ಕಣ್ಣಿನಿಂದ ಗುರಿ ಹಿಡಿದು ನೀರಿಗೆ ಧುಮುಕುವ ಮಿಂಚುಳ್ಳಿ, ಮುಳುಗಿ ಮೀನು ಹಿಡಿಯುವ ಗುಳುಮುಳುಕ ಮತ್ತು ನೀರುಕಾಗೆ ಇವೆಯೇ ನೋಡಿ. ಇವುಗಳ ಹೊಟ್ಟೆಪಾಡು ನಡೆಯಬೇಕಾದರೆ ನೀರಿನೊಳಗೆ ಸ್ವಲ್ಪವಾದರೂ ಕಾಣಬೇಕು, ಮೀನೂ ಇರಬೇಕು. ದಡದ ಗಿಡಗಳ ಮೇಲೆ ಏರೋಪ್ಲೇನ್ ಚಿಟ್ಟೆಗಳು ಹಾರಾಡುತ್ತಿದ್ದರೆ ಇನ್ನೂ ಒಳ್ಳೆಯದು. ಅವುಗಳ ಮರಿಗಳು ನೀರಿನಲ್ಲಿ ಬೆಳೆಯುತ್ತವೆ, ಸೊಳ್ಳೆ ಮರಿಗಳನ್ನು ತಿನ್ನುತ್ತವೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಸುಲಭ ಪ್ರಯೋಗ. ದೊಡ್ಡವರ ಕೈಯಲ್ಲಿ ಒಂದು ಬಿಳಿ ಗಾಜಿನ ಬಾಟಲಿಗೆ ಅರ್ಧದಷ್ಟು ಕೆರೆ ನೀರು ತುಂಬಿಸಿ. ಅದರ ಹಿಂದೆ ಈ ಪುರವಣಿಯ ಒಂದು ತುಂಡನ್ನು ಹಿಡಿಯಿರಿ. ಅಕ್ಷರ ಓದಲು ಬರುತ್ತದೆಯೇ? ಆಮೇಲೆ ಮುಚ್ಚಳ ಹಾಕಿ ಎರಡು ದಿನ ನೆರಳಿನಲ್ಲಿಟ್ಟು, ತೆರೆದು ದೂರದಿಂದ ವಾಸನೆ ನೋಡಿ. ನಾತ ಹೊಡೆದರೆ ಆ ನೀರಿನಲ್ಲಿ ಕೊಳೆಯುವ ವಸ್ತು ಬಹಳವಿದೆ ಎಂದರ್ಥ. ಪ್ರಯೋಗಶಾಲೆಯವರು ನೀರನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಎಷ್ಟು ಆಮ್ಲಜನಕ ಖರ್ಚಾಯಿತೆಂದು ಅಳೆಯುತ್ತಾರಲ್ಲ, ಆ ಬಿ.ಓ.ಡಿ. ಪರೀಕ್ಷೆಯ ಹಿಂದಿನ ತತ್ವವೂ ಇದೇ. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಲು ಮರೆಯಬೇಡಿ.

ಇದಕ್ಕೆ ಅಧಿಕೃತ ಅಳತೆಯೂ ಇದೆ. ನಮ್ಮ ದೇಶದಲ್ಲಿ ಕೆರೆ, ನದಿಗಳ ನೀರನ್ನು ಬಳಕೆಗೆ ತಕ್ಕಂತೆ ‘ಎ’ಯಿಂದ ‘ಇ’ವರೆಗೆ ಐದು ದರ್ಜೆಗಳಾಗಿ ವಿಂಗಡಿಸುತ್ತಾರೆ. ‘ಬಿ’ ದರ್ಜೆ ಸ್ನಾನಕ್ಕೆ ಯೋಗ್ಯ. ಅಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು. ‘ಡಿ’ ದರ್ಜೆ ಮೀನು ಮತ್ತು ವನ್ಯಜೀವಿಗಳಿಗೆ. ಅಲ್ಲಿ ಕನಿಷ್ಠ 4 ಮಿಲಿಗ್ರಾಂ. ‘ಇ’ ದರ್ಜೆಯ ನೀರು ಹೊಲಕ್ಕೆ, ಕಾರ್ಖಾನೆಯ ಯಂತ್ರ ತಂಪು ಮಾಡುವುದಕ್ಕೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅನೇಕ ಕೆರೆಗಳ ನೀರನ್ನು ಪರೀಕ್ಷಿಸಿ ದರ್ಜೆ ಪ್ರಕಟಿಸುತ್ತದೆ. ಮಕ್ಕಳ ಅಂಕಪಟ್ಟಿಯನ್ನು ಅಷ್ಟು ಜಾಗರೂಕತೆಯಿಂದ ನೋಡುವ ನಾವು ಕೆರೆಯ ಅಂಕಪಟ್ಟಿಯನ್ನೂ ಒಮ್ಮೆ ನೋಡಬಾರದೇಕೆ?

ಕೂರುವುದೆಲ್ಲಿ?

ಬೇಸಿಗೆಯ ಹಗಲಿನಲ್ಲಿ ಕೆರೆದಡ ಏಕೆ ತಂಪು? ಒಂದೇ ತೂಕದ ನೀರನ್ನೂ ಒಣ ಮಣ್ಣನ್ನೂ ಒಂದು ಡಿಗ್ರಿ ಬಿಸಿ ಮಾಡಬೇಕೆಂದರೆ ನೀರಿಗೆ ಸುಮಾರು ಐದು ಪಟ್ಟು ಹೆಚ್ಚು ಶಾಖ ಬೇಕು. ಮೇಲಾಗಿ ನೀರು ಆವಿಯಾಗುವಾಗ ಶಾಖವನ್ನು ಹೀರುತ್ತದೆ. ಅಂಗಳದ ಮಣ್ಣು ಕಾದಾಗಲೂ ಕೆರೆ ತಣ್ಣಗಿರುವುದು ಇದರಿಂದ. ಆದರೆ ದಡದ ಸುತ್ತ ಸಿಮೆಂಟು ಹಾಸಿ ಮರ ಕಡಿದಿದ್ದರೆ ಈ ಲಾಭ ಅರ್ಧ ಹೋಯಿತು. ಹತ್ತು ಗಂಟೆಯ ಮೇಲೆ ಮಕ್ಕಳು, ಅಜ್ಜ ಅಜ್ಜಿಯರು ಕೂರಲು ನೆರಳಿಲ್ಲದ ಪಾರ್ಕು ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ಹೊಂಗೆ, ಬೇವು, ಆಲ, ಅರಳಿ ಇರುವ ದಡವನ್ನು ಆರಿಸಿ. ಕೂರುವ ಮೊದಲು ತಲೆ ಎತ್ತಿ ಕೊಂಬೆಗಳಲ್ಲಿ ಹೆಜ್ಜೇನು ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಅಲ್ಲಿ ಹೊಗೆ ಹಾಕುವುದು, ಕಲ್ಲು ಬೀಸುವುದು ಕೂಡದು, ಜಾಗ ಬದಲಾಯಿಸಿ.

ಯಾವ ದಡ ಎಂಬುದಕ್ಕೂ ಲೆಕ್ಕವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ತೇಲುವ ಕಸ, ಪಾಚಿ, ನೊರೆಯನ್ನೆಲ್ಲ ಅದು ಪೂರ್ವದ ದಡಕ್ಕೆ ತಳ್ಳುತ್ತದೆ. ಆಗ ಪಶ್ಚಿಮದ ದಡ ಮೇಲು. ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಯಿಂದ, ಲೆಕ್ಕ ತಿರುಗುಮುರುಗು. ಒಂದು ಒಣ ಎಲೆಯನ್ನು ಹಾರಲು ಬಿಟ್ಟರೆ ಆ ದಿನದ ಗಾಳಿ ಯಾವ ಕಡೆಗೆಂದು ಮಕ್ಕಳೇ ಹೇಳುತ್ತಾರೆ.

ದಡದ ಆಕಾರವನ್ನೂ ಗಮನಿಸಿ. ಕೆಲವು ಕೆರೆಗಳ ಅಂಚನ್ನು ಅಗೆದು, ಸುತ್ತ ನೇರ ಗೋಡೆ ಎಬ್ಬಿಸಿ, ಬಾಣಲೆಯಂತೆ ಮಾಡಿಬಿಟ್ಟಿದ್ದಾರೆ. ಅಲ್ಲಿ ಕಾಲಿಟ್ಟ ಕೂಡಲೇ ಆಳ. ನಿಧಾನವಾಗಿ ಇಳಿಜಾರಾದ ಅಂಚಿನಲ್ಲಿ ಜೊಂಡು ಬೆಳೆಯುತ್ತದೆ, ಕಪ್ಪೆ ಮೊಟ್ಟೆಯಿಡುತ್ತದೆ, ಉದ್ದ ಕಾಲಿನ ಹಕ್ಕಿಗಳು ನಿಂತು ಮೇಯುತ್ತವೆ. ಇಂಥ ಅಂಚಿಲ್ಲದ ಕೆರೆಯಲ್ಲಿ ನೋಡಲು ನೀರು ಬಿಟ್ಟರೆ ಹೆಚ್ಚೇನೂ ಉಳಿಯುವುದಿಲ್ಲ.

ದೋಣಿ ಹತ್ತುವ ಮುನ್ನ

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. 2024ರ ಜನವರಿ 18ರಂದು ಗುಜರಾತಿನ ವಡೋದರದಲ್ಲಿ, ಹರ್ನಿ ಕೆರೆಯ ವಿಹಾರತಾಣಕ್ಕೆ ಒಂದು ಶಾಲೆಯ ಮಕ್ಕಳು ಪ್ರವಾಸ ಬಂದಿದ್ದರು. ದೋಣಿ ಮಗುಚಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮನೆಗೆ ಮರಳಲಿಲ್ಲ. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಕೂರಿಸಿದ್ದರು. ಅನೇಕರಿಗೆ ಲೈಫ್ ಜಾಕೆಟ್ ಇರಲಿಲ್ಲ. ಅದು ಕಾಡಿನೊಳಗಿನ ಕೆರೆಯಲ್ಲ, ದೊಡ್ಡ ಊರಿನ ನಡುವೆ, ಟಿಕೆಟ್ ಪಡೆದು ಹೋಗುವ ಜಾಗ. ಅಚ್ಚುಕಟ್ಟಾದ ಗೇಟು, ಟಿಕೆಟ್ ಕೌಂಟರು ಇದ್ದ ಮಾತ್ರಕ್ಕೆ ಮಕ್ಕಳು ಕ್ಷೇಮ ಎಂದು ನಂಬುವಂತಿಲ್ಲ.

ದೋಣಿ ಏಕೆ ಮಗುಚುತ್ತದೆ? ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ದೋಣಿ ಸ್ಥಿರ. ಜನ ಎದ್ದು ನಿಂತರೆ ಅದು ಮೇಲೇರುತ್ತದೆ, ಒಂದೇ ಬದಿಗೆ ಸರಿದರೆ ವಾಲುತ್ತದೆ. ಭಾರ ಹೆಚ್ಚಾದಾಗ ದೋಣಿಯ ಅಂಚು ನೀರಿಗೆ ಹತ್ತಿರವಾಗಿ, ಸ್ವಲ್ಪ ವಾಲಿದರೂ ನೀರು ಒಳಗೆ ನುಗ್ಗುತ್ತದೆ. ನಮ್ಮ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರ. ಮೂಗು ಬಾಯಿ ಮೇಲಿರಲು ಬೇಕಾಗುವುದು ಕೆಲವು ಕಿಲೋಗ್ರಾಂನಷ್ಟು ಹೆಚ್ಚಿನ ಎತ್ತುವ ಬಲ ಮಾತ್ರ. ಅದನ್ನು ಕೊಡುವುದು ಲೈಫ್ ಜಾಕೆಟ್. ಜೀವಕ್ಕೂ ಸಾವಿಗೂ ನಡುವಿನ ಅಂತರ ಅಷ್ಟು ಸಣ್ಣದು. ಆದ್ದರಿಂದ ಎಣಿಸಿ: ಎಷ್ಟು ಜನ, ಎಷ್ಟು ಜಾಕೆಟ್. ಒಂದು ಕಡಿಮೆಯಿದ್ದರೂ ಹತ್ತಬೇಡಿ. ಮಗುವಿನ ಅಳತೆಯ ಜಾಕೆಟ್ ಇದೆಯೇ, ಪಟ್ಟಿ ಬಿಗಿದಿದೆಯೇ ನೋಡಿ. ದೊಗಲೆ ಜಾಕೆಟ್ ನೀರಿಗೆ ಬಿದ್ದಾಗ ತಲೆಯ ಮೇಲಿಂದ ಕಳಚಿಬರುತ್ತದೆ. ‘ಏನಾಗಲ್ಲ ಬನ್ನಿ ಸಾರ್’ ಎನ್ನುವವರಿಗೆ ನಗುತ್ತಲೇ ಕೈ ಮುಗಿದು ಹಿಂದಿರುಗಿ. ಮಗು ಅತ್ತರೆ ಹತ್ತು ನಿಮಿಷ ಅಳುತ್ತದೆ, ಆಮೇಲೆ ಸರಿಹೋಗುತ್ತದೆ.

ದೋಣಿಯಿಲ್ಲದ ಕೆರೆಯಲ್ಲೂ ಎಚ್ಚರ ಬೇಕು. ಬೆಳಕಿನ ವಕ್ರೀಭವನ ಪಾಠದಲ್ಲಿ ಓದಿದ್ದೀರಿ, ನೀರಿನ ವಕ್ರೀಭವನ ಸೂಚ್ಯಂಕ ಮೂರರಲ್ಲಿ ನಾಲ್ಕು. ನೇರ ಮೇಲಿನಿಂದ ನೋಡಿದರೂ ನಾಲ್ಕು ಅಡಿ ನೀರು ಮೂರೇ ಅಡಿಯಂತೆ ಕಾಣುತ್ತದೆ, ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಪರೀಕ್ಷೆಯಲ್ಲಿ ಇದು ಎರಡು ಅಂಕದ ಪ್ರಶ್ನೆ, ದಡದಲ್ಲಿ ಪ್ರಾಣದ ಪ್ರಶ್ನೆ. ಸಾಮಾನ್ಯವಾಗಿ ಕೆರೆ ಅತಿ ಆಳವಾಗಿರುವುದು ಏರಿಯ ಬಳಿ, ತೂಬಿನ ಹತ್ತಿರ. ವಾಕಿಂಗ್ ದಾರಿ ಮಾಡಿರುವುದೂ ಹೆಚ್ಚಾಗಿ ಅದೇ ಏರಿಯ ಮೇಲೆ! ಹೂಳೆತ್ತಿದ ಕೆರೆಗಳಲ್ಲಿ ಮಣ್ಣು ತೆಗೆದ ಗುಂಡಿಗಳು ಮಳೆಗಾಲದಲ್ಲಿ ನೀರಿನಡಿ ಮರೆಯಾಗುತ್ತವೆ. ಮೊಣಕಾಲು ನೀರಿನಲ್ಲಿದ್ದವನು ಮುಂದಿನ ಹೆಜ್ಜೆಗೆ ತಲೆ ಮುಳುಗುತ್ತಾನೆ. ಯಾರಾದರೂ ಬಿದ್ದರೆ ಈಜು ಬಾರದವರು ಹಿಂದೆಯೇ ಹಾರಬೇಡಿ. ಕೂಗಿ ಜನ ಸೇರಿಸಿ, ಉದ್ದ ಕೋಲು, ಹಗ್ಗ, ದುಪ್ಪಟ್ಟಾ, ಪಂಚೆ ಏನಾದರೂ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನಾದರೂ ಸರಿ. 112ಕ್ಕೆ ಫೋನ್ ಮಾಡಿ. ಪಾರ್ಕಿನಲ್ಲಿ ಇಂಥ ಹಗ್ಗ, ಟ್ಯೂಬು, ಒಬ್ಬ ಕಾವಲುಗಾರ ಇದ್ದಾರೆಯೇ ಎಂದು ಹೋದ ಕೂಡಲೇ ನೋಡಿಕೊಂಡಿರಿ.

ಹಾಗಾದರೆ ಯಾವುದು?

ಮೈಸೂರಿನ ಎರಡು ಕೆರೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮೃಗಾಲಯಕ್ಕೆ ಹೊಂದಿಕೊಂಡ ಕಾರಂಜಿ ಕೆರೆಯಲ್ಲಿ ಟಿಕೆಟ್ ಇದೆ, ದೋಣಿ ಇದೆ, ಚಿಟ್ಟೆಗಳ ಉದ್ಯಾನವಿದೆ, ಒಳಗೆ ನಡೆದಾಡುತ್ತ ಹಕ್ಕಿ ನೋಡಬಹುದಾದ ದೊಡ್ಡ ಪಂಜರವಿದೆ. ಪುಟ್ಟ ಮಕ್ಕಳಿರುವ ಮನೆಯವರಿಗೆ ಅನುಕೂಲ. ಮಾನಸಗಂಗೋತ್ರಿಯ ಪಕ್ಕದ ಕುಕ್ಕರಹಳ್ಳಿ ಕೆರೆಯಲ್ಲಿ ಆಟಿಕೆಗಳ ಗದ್ದಲವಿಲ್ಲ. ಸುತ್ತ ನಡೆಯುವ ದಾರಿ, ಮರಗಳು, ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು. ಪ್ರಶ್ನೆ ಕೇಳುವ ವಯಸ್ಸಿನ ಮಕ್ಕಳಿಗೆ ಇದು ತೆರೆದ ಪಾಠಶಾಲೆ. ಒಂದು ಮೇಲು ಇನ್ನೊಂದು ಕೀಳು ಎಂದಲ್ಲ. ನಿಮ್ಮ ಮನೆಯ ಮಗು ಯಾವ ವಯಸ್ಸಿನದು ಎಂಬುದರ ಮೇಲೆ ಆಯ್ಕೆ. ಆದರೆ ಎರಡೂ ಕಡೆ ಮೊದಲು ನೋಡಬೇಕಾದದ್ದು ನೀರೇ.

ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ತುಮಕೂರಿನವರಿಗೆ ಅಮಾನಿಕೆರೆ, ದಾವಣಗೆರೆಯವರಿಗೆ ಕುಂದವಾಡ ಕೆರೆ ಇದೆ. ನಮ್ಮ ಅನೇಕ ಊರುಗಳಿಗೆ ಇಂಥದೊಂದು ಕೆರೆ ಉಳಿದಿದೆ. ಒಂದನ್ನು ಆರಿಸಿಕೊಂಡು, ಒಂದೇ ಸಲ ಹೋಗಿ ಫೋಟೋ ತೆಗೆದು ಬಿಡುವ ಬದಲು, ವರ್ಷದಲ್ಲಿ ನಾಲ್ಕು ಸಲ ಹೋಗಿ. ಜನ ಬಂದು ನೀರನ್ನು ನೋಡುವ ಕೆರೆಗೆ ಕದ್ದು ಕಸ ಸುರಿಯುವುದು ಕಷ್ಟ. ಜನ ಬೆನ್ನು ತಿರುಗಿಸಿದ ಕೆರೆ ಮೊದಲು ಚರಂಡಿಯಾಗುತ್ತದೆ, ಆಮೇಲೆ ನಿವೇಶನವಾಗುತ್ತದೆ.

ವಿದ್ಯಾರ್ಥಿಗಳಿಗೆ ಈ ವಾರದ ಮನೆಗೆಲಸ: ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಕೆರೆಯ ಹೆಸರು, ದಿನಾಂಕ, ನೀರಿನ ಬಣ್ಣ, ವಾಸನೆ, ಗಾಳಿಯ ದಿಕ್ಕು, ಕಂಡ ಐದು ಜೀವಿಗಳು, ನೀರು ಒಳಗೆ ಬರುವ ಜಾಗ ಮತ್ತು ಕೋಡಿ ಎಲ್ಲಿವೆ ಎಂಬ ಸಣ್ಣ ನಕ್ಷೆ. ಮೂರು ತಿಂಗಳು ಬಿಟ್ಟು ಮತ್ತೆ ಹೋಗಿ ಇನ್ನೊಂದು ಹಾಳೆ ತುಂಬಿಸಿ. ಎರಡನೆಯ ಹಾಳೆ ಮೊದಲನೆಯದಕ್ಕಿಂತ ಕೆಟ್ಟಿದ್ದರೆ, ಅಪ್ಪ ಅಮ್ಮನ ಸಹಿ ಹಾಕಿಸಿ ಎರಡರ ಪ್ರತಿಯನ್ನೂ ನಿಮ್ಮ ನಗರಸಭೆಗೋ ಪಂಚಾಯಿತಿಗೋ ಕಳುಹಿಸಿ.